ಇಂಗಿನ ಡಬ್ಬಿಯ ಇನ್ಸುಲಿನ್

ನಮ್ಮ ಪಕ್ಕದ ಮನೆಯ ಲಕ್ಷ್ಮೀಕಾಂತ ಜನ್ಮದಲ್ಲಿ ಒಂದು ಸುಳ್ಳು ಹೇಳಿದವನಲ್ಲ ಎಂದು ಅವನ ಹೆಂಡತಿ ಭವಾನಿ ಕಂಡವರಿಗೆಲ್ಲ ಹೇಳುತ್ತಾಳೆ. ನನಗೂ ಅದರಲ್ಲಿ ಅನುಮಾನವಿಲ್ಲ. ಸುಳ್ಳು ಹೇಳುವುದಕ್ಕೆ ಒಂದಿಷ್ಟು ತಲೆ ಬೇಕು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕೆ ಇನ್ನೊಂದಿಷ್ಟು ಬೇಕು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವ ಮನುಷ್ಯನಿಂದ ಆಗುವ ಕೆಲಸ ಅದಲ್ಲ. ಅಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ, ಮಗಳ ಮದುವೆ ಮಾತುಕತೆಯ ಹೊತ್ತಿನಲ್ಲಿ, ಭದ್ರಾವತಿಗೆ ಹೋಗಿ ಒಂದೇ ಒಂದು ಸುಳ್ಳು ಹೇಳಿದ. ಎರಡೇ ಪದದ ಸುಳ್ಳು. ಅದು ಏನೇನು ಮಾಡಿತು ಎಂಬುದನ್ನು ನಾನು ಕಣ್ಣಾರೆ ಕಂಡೆ, ಯಾಕೆಂದರೆ ಅವನನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ನಾನೇ.

ಎಲ್ಲದಕ್ಕೂ ಮೂಲ ಬೆಕ್ಕು. ಹೆಸರು ಪಿಂಗಳ. ಕೇಸರಿ ಬಣ್ಣದ, ಏಳು ಕಿಲೋ ತೂಕದ ಗಂಡು ಬೆಕ್ಕು. ಲಕ್ಷ್ಮೀಕಾಂತನ ತಂದೆ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು, ಹಾಗಾಗಿ ಆ ಮನೆಯಲ್ಲಿ ಬೆಕ್ಕಿಗೂ ಒಂದು ಘನವಾದ ಹೆಸರು ಬೇಕಾಯಿತು. ಊಟವೂ ಘನವಾಗಿಯೇ ಇತ್ತು. ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು, ಮಧ್ಯಾಹ್ನ ಮೊಸರನ್ನ, ಸಂಜೆ ಕಾಫಿ ಹೊತ್ತಿಗೆ ಎರಡು ಬಿಸ್ಕತ್ತು, ಯಾರಾದರೂ ಪೇಡೆ ತಂದರೆ ಅದರಲ್ಲೊಂದು ಪಾಲು. ಅದು ಇಲಿ ಹಿಡಿದದ್ದನ್ನು ನಾನಂತೂ ನೋಡಿಲ್ಲ. ಹೋದ ವರ್ಷ ಇದ್ದಕ್ಕಿದ್ದಂತೆ ನೀರು ಕುಡಿಯತೊಡಗಿತು, ಕುಡಿದದ್ದನ್ನೆಲ್ಲ ನನ್ನ ಸ್ಕೂಟರಿನ ಸೀಟಿನ ಮೇಲೆ ಹೊಯ್ಯತೊಡಗಿತು, ಮೈ ಇಳಿಯಿತು. ದನದ ಡಾಕ್ಟರು ಶ್ರೀಗೌರಿ ರಕ್ತ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು.

ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿ ಒಂದು ವಾರ ನಕ್ಕಿತು. ಎದುರು ಮನೆಯ ಶಿವಯೋಗಪ್ಪ, "ಹಾಗಾದ್ರೆ ನಿಮ್ಮನೆ ಇಲಿಗೆ ಬಿಪಿ ಇರ್ಬೇಕು, ಒಂದ್ಸಲ ತೋರ್ಸಿ" ಅಂದ. ಲಕ್ಷ್ಮೀಕಾಂತ ನಗಲಿಲ್ಲ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಇನ್ಸುಲಿನ್. ಮೊದಲು ತಿನ್ನಿಸಬೇಕು, ಆಮೇಲೆ ಕತ್ತಿನ ಹಿಂದಿನ ಚರ್ಮ ಎತ್ತಿ ಎರಡು ಯೂನಿಟ್ ಚುಚ್ಚಬೇಕು. ಮೊಸರನ್ನ ಬಂದ್, ಡಾಕ್ಟರು ಬರೆದುಕೊಟ್ಟ ಕೋಳಿ ಮಾಂಸದ ಪ್ಯಾಕೆಟ್ಟೇ ಆಗಬೇಕು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಹತ್ತೂವರೆಗಿಂತ ಮೊದಲು ಮುಖ ತೋರಿಸದ ಮನುಷ್ಯ ಏಳು ಹೊಡೆಯುವ ಮೊದಲೇ ಮೂಗು ಮುಚ್ಚಿಕೊಂಡು ಪ್ಯಾಕೆಟ್ ಒಡೆದು, ಬೆಕ್ಕಿಗೆ ಬಡಿಸಿ, ಚುಚ್ಚಿ, ಮತ್ತೆ ಸ್ನಾನ ಮಾಡತೊಡಗಿದ.

ಒಮ್ಮೆ ಮಾತ್ರ ತಪ್ಪಿತು. ಎರಡು ದಿನ ಧರ್ಮಸ್ಥಳಕ್ಕೆ ಹೋಗುವಾಗ ಶಿವಯೋಗಪ್ಪನಿಗೆ ಸೂಜಿ ವಹಿಸಿ ಹೋಗಿದ್ದರು. ಶಿವಯೋಗಪ್ಪ ಸೂಜಿ ಹಿಡಿದು ಎರಡು ದಿನ ಬೆಕ್ಕಿನ ಹಿಂದೆ ಓಡಿದ, ಬೆಕ್ಕು ಎರಡು ದಿನ ನಮ್ಮ ಮಾಡಿನ ಮೇಲಿತ್ತು. ಇವರು ಬಂದಾಗ ಅದು ಸಂಪಿನ ಪಕ್ಕ ಮಲಗಿತ್ತು, ಕರೆದರೆ ಕತ್ತೆತ್ತಲಿಲ್ಲ. ನಾಲ್ಕು ದಿನ ಡ್ರಿಪ್. "ಇನ್ನೊಂದ್ಸಲ ಹೀಗಾದ್ರೆ ಇದು ಉಳಿಯಲ್ಲ ಸಾರ್" ಎಂದು ಡಾಕ್ಟರು ಎಚ್ಚರಿಸಿದರು. ಆ ನಾಲ್ಕು ದಿನವೂ ಲಕ್ಷ್ಮೀಕಾಂತ ರಜೆ ಹಾಕಿ ಪಂಜರದ ಪಕ್ಕ ಕೂತಿದ್ದ. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಅವನು ಕರೆದರೆ ಬರುವ ಪ್ರಾಣಿ ಅದೊಂದೇ. ಅವನು ಅತ್ತದ್ದನ್ನು ನಾನು ನೋಡಿದ್ದೇನೆ, ಅದನ್ನು ನಗುತ್ತಾ ಹೇಳಲು ನನಗೂ ಆಗುವುದಿಲ್ಲ.

ಹೀಗಿರುವಾಗ ಭದ್ರಾವತಿಯಿಂದ ಅವನ ಅಕ್ಕ ಶೇಷಮ್ಮನ ಫೋನ್ ಬಂತು. ಶೇಷಮ್ಮನ ಗಂಡ ವೆಂಕಟಾಚಲರು ಕಾರ್ಖಾನೆಯಿಂದ ನಿವೃತ್ತರಾಗಿ ನ್ಯೂ ಟೌನಿನಲ್ಲಿ ಮನೆ ಮಾಡಿಕೊಂಡಿದ್ದವರು. ಅವರಿಗೆ ಎಪ್ಪತ್ತು ತುಂಬಿತು, ಭೀಮರಥ ಶಾಂತಿ. ಶನಿವಾರವೇ ಬಂದು ಸೋಮವಾರದವರೆಗೆ ಇರಬೇಕು. ಜೊತೆಗೆ ಇನ್ನೊಂದು ವಿಷಯ. ಲಕ್ಷ್ಮೀಕಾಂತನ ಮಗಳು ಶರಾವತಿಗೆ ನೋಡುತ್ತಿದ್ದ ಹುಡುಗ ರವಿಶಂಕರ ಭದ್ರಾವತಿಯವನೇ, ಡಿಪ್ಲೊಮಾ ಕಾಲೇಜಿನ ಮೇಷ್ಟ್ರು. ಜಾತಕ ಕೂಡಿತ್ತು. ಹುಡುಗ ಹುಡುಗಿ ಎರಡು ಸಲ ಕಾಫಿ ಕುಡಿದು ಒಪ್ಪಿಕೊಂಡಿದ್ದರು. ಹುಡುಗನ ತಂದೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಿಷ್ಣುಪ್ರಸಾದರು, ಶಾಂತಿಯ ಊಟಕ್ಕೆ ಬಂದು ಅಲ್ಲೇ ಕೊನೆಯ ಮಾತು ಹೇಳುತ್ತಾರೆ.

"ಮತ್ತೆ ಕೇಳು ಕಾಂತ" ಎಂದಳು ಶೇಷಮ್ಮ, "ನಿನ್ನ ಆ ಬೆಕ್ಕನ್ನ ಮಾತ್ರ ತರಬೇಡ. ಇವರ ಅರವತ್ತರ ಶಾಂತೀಲಿ ಯಾವುದೋ ಬೆಕ್ಕು ಬಂದು ಹೋಮದ ತುಪ್ಪಕ್ಕೆ ಬಾಯಿ ಹಾಕ್ತು. ಆವತ್ತು ಹಿಡ್ಕೊಂಡ ಸೊಂಟ ಇನ್ನೂ ಬಿಟ್ಟಿಲ್ಲ."

ವೆಂಕಟಾಚಲರ ಸೊಂಟಕ್ಕೂ ಬೆಕ್ಕಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಆ ವಂಶದಲ್ಲಿ ಯಾರಿಗೂ ಇಲ್ಲ.

ಲಕ್ಷ್ಮೀಕಾಂತ ನನ್ನ ಬಳಿ ಬಂದ. "ಯಜ್ಞಣ್ಣ, ನೀನು ಎರಡು ದಿನ ಚುಚ್ತೀಯಾ?"

"ನಾನೂ ಶಾಂತಿಗೆ ಬರ್ತಿದೀನಲ್ಲ ಮಾರಾಯ. ನಿಮ್ಮಕ್ಕ ಕರೆದಿದಾರೆ, ಹೋಳಿಗೆ ಬೇರೆ ಮಾಡಿಸ್ತಿದಾರೆ."

ನಾನು ಹೋದದ್ದು ಹೋಳಿಗೆಗೆ. ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ಕೊನೆಗೆ ದಾರಿ ಹುಡುಕಿದವಳು ಭವಾನಿ. ಬಾಳೆಎಲೆ ತರುವ ದೊಡ್ಡ ಬುಟ್ಟಿಯಲ್ಲಿ ಪಿಂಗಳ, ಮೇಲೆ ಒಂದು ರೇಷ್ಮೆ ಪಂಚೆ. ಔಷಧದ ಸಣ್ಣ ಬಾಟಲಿ ಮತ್ತು ಸೂಜಿಗಳು ಖಾಲಿಯಾದ ಇಂಗಿನ ಡಬ್ಬಿಯಲ್ಲಿ. ಬೆಕ್ಕಿನ ಸಕ್ಕರೆ ನೋಡುವ ಮೀಟರ್ ಮತ್ತು ಅದರ ಸ್ಟ್ರಿಪ್ ಡಬ್ಬಿ ಭವಾನಿಯ ಚೀಲದಲ್ಲಿ. ಹದಿನೆಂಟು ಕಿಲೋಮೀಟರ್ ಪ್ರಯಾಣಕ್ಕೆ ವಿದೇಶಕ್ಕೆ ಹೋಗುವಷ್ಟು ತಯಾರಿ. ಮಲವಗೊಪ್ಪ ದಾಟುವಾಗ ಬುಟ್ಟಿಯೊಳಗಿಂದ ಕೂಗು ಶುರುವಾಯಿತು, ನ್ಯೂ ಟೌನಿನ ಗೇಟಿನವರೆಗೂ ನಿಲ್ಲಲಿಲ್ಲ. ಗೇಟಿನಲ್ಲಿ ನಿಂತದ್ದು ಒಂದು ಪವಾಡ.

ಶೇಷಮ್ಮ ಬುಟ್ಟಿ ನೋಡಿ, "ಅದರಲ್ಲೇನು?" ಎಂದಳು.

"ಮಡಿ ಬಟ್ಟೆ ಅತ್ತಿಗೆ, ಮುಟ್ಟಬೇಡಿ" ಎಂದಳು ಭವಾನಿ.

ಶೇಷಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಬಂದೂಕು ಹಿಡಿದ ಪೊಲೀಸನೂ ಒಂದು ಬುಟ್ಟಿಯನ್ನು ಅಷ್ಟು ಭದ್ರವಾಗಿ ಕಾಯಲಾರ. ಪಿಂಗಳ ಸುರಕ್ಷಿತವಾಗಿ ಮಹಡಿ ಕೋಣೆ ಸೇರಿತು, ಕೋಣೆಗೆ ಬೀಗ ಬಿತ್ತು, ಬೀಗದ ಕೈ ಲಕ್ಷ್ಮೀಕಾಂತನ ಜನಿವಾರಕ್ಕೇರಿತು. ಡಬ್ಬಿ ಕೆಳಗೆ ಫ್ರಿಜ್ಜಿನಲ್ಲಿ, ಹಾಲಿನ ಹಿಂದೆ. ಸಂಜೆ ಏಳಕ್ಕೆ ಭವಾನಿ ಯಾರಿಗೂ ಕಾಣದಂತೆ ಸೂಜಿಗೆ ಔಷಧ ಎಳೆದು ಸೆರಗಿನಲ್ಲಿ ತಂದುಕೊಟ್ಟಳು, ಲಕ್ಷ್ಮೀಕಾಂತ ಸಂಧ್ಯಾವಂದನೆಗೆಂದು ಮಹಡಿ ಹತ್ತಿದ. ಬೆಕ್ಕು ಕೂಗಿದಾಗಲೆಲ್ಲ ಅವನು ಮಂತ್ರವನ್ನು ಏರುಧ್ವನಿಯಲ್ಲಿ ಹೇಳಿದ. ಕೆಳಗೆ ಶೇಷಮ್ಮ ಕಣ್ಣೊರೆಸಿಕೊಂಡು, "ಅಪ್ಪಯ್ಯ ಹೋದ ಮೇಲೆ ಈ ಮನೆತನದಲ್ಲಿ ಇಷ್ಟು ಗಟ್ಟಿಯಾಗಿ ಗಾಯತ್ರಿ ಹೇಳಿದೋರಿಲ್ಲ" ಎಂದಳು.

ಕೆಟ್ಟದ್ದು ಭಾನುವಾರ ಬೆಳಿಗ್ಗೆ. ಅಡುಗೆಯ ಮುರಳಿ ಸಾರಿಗೆ ಒಗ್ಗರಣೆ ಹಾಕಲು ಇಂಗು ಹುಡುಕುತ್ತಿದ್ದ. ಫ್ರಿಜ್ಜು ತೆಗೆದವನಿಗೆ ಡಬ್ಬಿ ಸಿಕ್ಕಿತು. ಇಂಗನ್ನು ಫ್ರಿಜ್ಜಿನಲ್ಲಿ ಇಡುವ ಮನೆ ಅವನು ಜೀವಮಾನದಲ್ಲಿ ಕಂಡಿರಲಿಲ್ಲ, ಆದರೂ ಮುಚ್ಚಳ ತೆಗೆದ. ತೆಗೆದು, "ಅಮ್ಮಾ, ನಿಮ್ಮ ಇಂಗಲ್ಲಿ ಸೂಜಿ ಇದೆ" ಎಂದು ಕೂಗಿದ.

ಶೇಷಮ್ಮ ಬಂದಳು, ಅವಳ ಹಿಂದೆ ಹತ್ತು ಹದಿನೈದು ಜನ ನೆಂಟರು ಬಂದರು. ಬಾಟಲಿ ಕೈಯಿಂದ ಕೈಗೆ ದಾಟಿತು. ನೆಂಟರಲ್ಲೊಬ್ಬರು ಓದಿ, "ಇದು ಇನ್ಸುಲಿನ್" ಎಂದರು.

"ಯಾರದ್ದು ಇದು?" ಎಂದಳು ಶೇಷಮ್ಮ.

ನಡುಮನೆಯಲ್ಲಿ ಹೋಮಕ್ಕೆ ಸಮಿತ್ತು ಜೋಡಿಸುತ್ತಿದ್ದರು. ತುಪ್ಪದ ಪಾತ್ರೆ ಅಲ್ಲೇ ಇತ್ತು. ವೆಂಕಟಾಚಲರು ಸೊಂಟ ಹಿಡಿದುಕೊಂಡು ಮಣೆಯ ಮೇಲೆ ಕೂರುತ್ತಿದ್ದರು. ಲಕ್ಷ್ಮೀಕಾಂತ ಆ ತುಪ್ಪ ನೋಡಿದ, ಆ ಸೊಂಟ ನೋಡಿದ, ಅಕ್ಕನ ಮುಖ ನೋಡಿದ.

"ನನ್ನದು, ಅಕ್ಕ" ಎಂದ.

ಇಷ್ಟೇ. ಇದಾಗಿ ಹತ್ತು ನಿಮಿಷಕ್ಕೆ ಅವನು ಆ ಮನೆಯಲ್ಲಿ ವೆಂಕಟಾಚಲರಿಗಿಂತ ಮುಖ್ಯನಾದ. ಎಪ್ಪತ್ತು ತುಂಬಿದವರನ್ನು ಬಿಟ್ಟು ಎಲ್ಲರೂ ಇವನ ಆಯುಸ್ಸಿನ ಬಗ್ಗೆ ಚಿಂತಿಸತೊಡಗಿದರು. ಒಬ್ಬರು ಮೆಂತ್ಯ ನೆನೆಸಿ ಕುಡಿ ಎಂದರು. ಇನ್ನೊಬ್ಬರು ನೇರಳೆ ಬೀಜದ ಪುಡಿ, ಮತ್ತೊಬ್ಬರು ಅಮೃತಬಳ್ಳಿ ಕಷಾಯ. ಹೊಳಲೂರಿನಿಂದ ಬಂದ ದೊಡ್ಡಮ್ಮನೊಬ್ಬಳು ಅವನ ಪಂಚೆ ಮೊಣಕಾಲಿನವರೆಗೆ ಎತ್ತಿ ಕಾಲಲ್ಲಿ ಹುಣ್ಣಿದೆಯಾ ಎಂದು ನೋಡಿದಳು. ಇಲ್ಲ ಎಂದು ತಿಳಿದಾಗ ಸ್ವಲ್ಪ ನಿರಾಶೆಯಿಂದ, "ಬರುತ್ತೆ" ಎಂದಳು.

ತೊಂದರೆಯೆಂದರೆ, ಲಕ್ಷ್ಮೀಕಾಂತನಿಗೆ ಒಂದು ಸುಳ್ಳಿನ ನಂತರ ಎರಡನೆಯದು ಬರುವುದಿಲ್ಲ. ಕೇಳಿದ ಪ್ರಶ್ನೆಗೆಲ್ಲ ಅವನು ನಿಜವನ್ನೇ ಹೇಳಿದ, ಆದರೆ ಬೆಕ್ಕಿನ ನಿಜವನ್ನು.

"ಹೇಗೆ ಗೊತ್ತಾಯ್ತು ಮಾರಾಯ?"

"ಸಿಕ್ಕಾಪಟ್ಟೆ ನೀರು ಕುಡಿಯೋದು ಶುರುವಾಯ್ತು. ಆಮೇಲೆ ಯಜ್ಞಣ್ಣನ ಸ್ಕೂಟರ್ ಸೀಟಿನ ಮೇಲೆ..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ.

"ಎಲ್ಲಿ ಚುಚ್ಕೊಳ್ತೀಯ? ಹೊಟ್ಟೆಗಾ?"

"ಕತ್ತಿನ ಹಿಂದೆ. ಚರ್ಮ ಎತ್ತಿ."

"ಕೈ ಎಟಕುತ್ತಾ?"

"ಭವಾನಿ ಹಿಡ್ಕೊಳ್ತಾಳೆ."

ನೆಂಟರು ಭವಾನಿಯನ್ನು ಗೌರವದಿಂದ ನೋಡಿದರು. ಶರಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡಿದ್ದಳು. ಅವಳು ದುರ್ಗಿಗುಡಿಯ ಲ್ಯಾಬೊಂದರಲ್ಲಿ ಟೆಕ್ನಿಷಿಯನ್, ದಿನಕ್ಕೆ ನೂರು ಜನರ ರಕ್ತ ತೆಗೆಯುವವಳು. ಅಪ್ಪನನ್ನು ಮೂಲೆಗೆ ಕರೆದು, "ಸುಳ್ಳು ಹೇಳಿದ್ದು ನೀವು, ಹಾಗಲಕಾಯಿ ತಿನ್ನೋದೂ ನೀವೇ. ನಾನು ಮಧ್ಯ ಬರಲ್ಲ" ಎಂದಳು. ಆಗ ಅವನಿಗೆ ಅದರ ಅರ್ಥ ಪೂರ್ತಿ ಆಗಲಿಲ್ಲ.

ಊಟದ ಪಂಕ್ತಿಯಲ್ಲಿ ಆಯಿತು. ನನ್ನ ಎಡಕ್ಕೆ ಲಕ್ಷ್ಮೀಕಾಂತ, ಬಲಕ್ಕೆ ಆಗಷ್ಟೇ ಬಂದಿಳಿದ ವಿಷ್ಣುಪ್ರಸಾದರು, ಆಚೆಗೆ ಅವರ ಹೆಂಡತಿ ಮತ್ತು ಹುಡುಗ. ಹೋಳಿಗೆಯ ಹರಿವಾಣ ಸಾಲಿನ ಆ ತುದಿಯಿಂದ ಹೊರಟಿತು. ಲಕ್ಷ್ಮೀಕಾಂತ ಎಲೆಯ ತುದಿ ಒರೆಸಿ ಜಾಗ ಮಾಡಿಕೊಂಡ. ಮುರಳಿ ಅವನ ಮುಂದೆ ಬಂದು, ಹರಿವಾಣವನ್ನು ಮೇಲೆತ್ತಿ, ಮುಂದಕ್ಕೆ ದಾಟಿದ.

"ಇಲ್ಲಿ" ಎಂದ ಲಕ್ಷ್ಮೀಕಾಂತ ಸಣ್ಣ ದನಿಯಲ್ಲಿ.

"ನಿಮಗೆ ಬೇರೆ ಮಾಡಿದೀವಿ ಯಜಮಾನ್ರೇ. ಅಮ್ಮನವರ ಅಪ್ಪಣೆ."

ನವಣೆ ಅನ್ನ ಬಂತು. ಬೆಲ್ಲ ಹಾಕದ ಹಾಗಲಕಾಯಿ ಗೊಜ್ಜು ಬಂತು. ನೀರು ಮಜ್ಜಿಗೆ ಬಂತು. ನಾನು ನಾಲ್ಕು ಹೋಳಿಗೆ ತಿಂದೆ. ಒಂದನ್ನು ಮುರಿದು ಅವನ ಎಲೆಯ ಕೆಳಗೆ ತಳ್ಳೋಣ ಎಂದುಕೊಂಡೆ, ಆದರೆ ಶೇಷಮ್ಮ ನೋಡುತ್ತಿದ್ದಳು, ಹೋಳಿಗೆಯೂ ಚೆನ್ನಾಗಿತ್ತು. ವಿಷ್ಣುಪ್ರಸಾದರು ತುಪ್ಪ ಹುಯ್ಯಿಸಿಕೊಂಡು ಆರು ತಿಂದರು. ಅವರ ಹೆಂಡತಿ ಮೂರನೆಯದಕ್ಕೆ ಒಮ್ಮೆ, ಐದನೆಯದಕ್ಕೆ ಒಮ್ಮೆ, "ರೀ" ಎಂದರು. ಅವರು ಕೇಳಿಸಿಕೊಳ್ಳಲಿಲ್ಲ.

ಶೇಷಮ್ಮನಿಗೆ ಬಾಯಿ ನಿಲ್ಲದು. "ನಮ್ಮ ಕಾಂತನಿಗೆ ನೋಡಿ, ಪಾಪ, ಇನ್ಸುಲಿನ್ ಮೇಲೆ ಬದುಕು" ಎಂದು ವಿಷ್ಣುಪ್ರಸಾದರ ಎದುರೇ ಹೇಳಿಬಿಟ್ಟಳು.

ವಿಷ್ಣುಪ್ರಸಾದರ ಕೈ ಏಳನೆಯ ಹೋಳಿಗೆಯ ಮೇಲೆ ನಿಂತಿತು. "ಇನ್ಸುಲಿನ್ನಾ? ಎಷ್ಟು ಯೂನಿಟ್?"

"ಎರಡು" ಎಂದ ಲಕ್ಷ್ಮೀಕಾಂತ.

"ಎರಡೇ?" ಅವರ ದನಿಯಲ್ಲಿ ತಾತ್ಸಾರವಿತ್ತು. "ಎರಡು ಯೂನಿಟ್ಟಿಗೆ ಏನಾಗುತ್ತೆ ಸ್ವಾಮಿ? ಅದು ಬೆಕ್ಕಿಗೂ ಸಾಲಲ್ಲ."

ಲಕ್ಷ್ಮೀಕಾಂತನಿಗೆ ಮಜ್ಜಿಗೆ ನೆತ್ತಿಗೇರಿತು. ನಾನು ಬೆನ್ನು ತಟ್ಟಿದೆ. ಇವರಿಗೆ ಈ ಲೆಕ್ಕವೆಲ್ಲ ಹೇಗೆ ಗೊತ್ತು ಎಂದು ಕೇಳಬೇಕೆಂದು ನನಗಾದರೂ ಹೊಳೆಯಬೇಕಿತ್ತು. ಐದನೆಯ ಹೋಳಿಗೆ ಬರುತ್ತಿತ್ತು, ಹೊಳೆಯಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ವಿಷ್ಣುಪ್ರಸಾದರು ಅವನನ್ನು ಹಿಡಿದು ನಿಲ್ಲಿಸಿದರು. "ನೋಡಿ, ನಾನು ನೇರ ಮನುಷ್ಯ. ನಮ್ಮ ವಂಶದಲ್ಲಿ ಏಳು ತಲೆಮಾರಿಂದ ಸಕ್ಕರೆ ಅನ್ನೋದು ಇಲ್ಲ. ಹುಡುಗೀನ ನಾವು ಒಪ್ಪಿದೀವಿ, ಹುಡುಗನೂ ಒಪ್ಪಿದಾನೆ. ಆದರೆ ಇಂಥದ್ದನ್ನ ನೀವು ಮೊದಲೇ ಹೇಳಬೇಕಿತ್ತು. ಮುಚ್ಚಿಟ್ಟು ಸಂಬಂಧ ಬೆಳೆಸೋದು ಅಂದ್ರೆ... ಸಂಜೆ ಕೂತು ಮಾತಾಡೋಣ. ಯೋಚಿಸಬೇಕಾಗುತ್ತೆ."

ಮುಚ್ಚಿಟ್ಟು ಎನ್ನುವಾಗ ಅವರ ದನಿ ಎಷ್ಟು ನೊಂದಿತ್ತೆಂದರೆ ನನಗೇ ನಾಚಿಕೆಯಾಯಿತು.

ಮಧ್ಯಾಹ್ನವೆಲ್ಲ ಲಕ್ಷ್ಮೀಕಾಂತ ಹಿತ್ತಲ ಕಟ್ಟೆಯ ಮೇಲೆ ಕೂತ. ನಿಜ ಹೇಳಿದರೆ ಹೋಮದ ಮನೆಗೆ ಬೆಕ್ಕು ತಂದವನು, ಅಕ್ಕ ಈ ಜನ್ಮದಲ್ಲಿ ಮಾತಾಡಿಸುವುದಿಲ್ಲ. ಹೇಳದಿದ್ದರೆ ಮಗಳ ಮದುವೆ ಹೋಯಿತು. "ಯಜ್ಞಣ್ಣ, ಏನು ಮಾಡ್ಲಿ?" ಎಂದು ನಾಲ್ಕು ಸಲ ಕೇಳಿದ. ನಾನು ಹೊಟ್ಟೆ ಭಾರವಾಗಿ ಚಾಪೆಯ ಮೇಲೆ ಮಲಗಿದ್ದೆ. "ಸಂಜೆ ನೋಡೋಣ ಬಿಡು" ಎಂದೆ. ನನ್ನ ಸಲಹೆಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ.

ಸಂಜೆ ಆರೂಕಾಲಿಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ವಿಷ್ಣುಪ್ರಸಾದರು ಸೋಫಾದ ನಡುವೆ, ಜುಬ್ಬದ ಜೇಬಿನ ಮೇಲೆ ಕೈಯಿಟ್ಟುಕೊಂಡು, ಬೆವರುತ್ತಾ ಕೂತಿದ್ದರು. ಮಹಡಿಯ ಮೇಲೆ ಬೆಕ್ಕಿಗೆ ಆಗಲೇ ತಿನ್ನಿಸಿ ಬಂದಿದ್ದ ಲಕ್ಷ್ಮೀಕಾಂತ ಫ್ರಿಜ್ಜಿನ ಕಡೆ ಹೋದ. ಹೇಗೂ ಗುಟ್ಟು ಬಯಲಾಗಿದ್ದರಿಂದ ಈಗ ರಾಜಾರೋಷವಾಗಿಯೇ ಡಬ್ಬಿ ತೆಗೆದ. ಸೂಜಿಗಳಿದ್ದವು. ಬಾಟಲಿ ಇರಲಿಲ್ಲ.

ಹಾಲಿನ ಪಾತ್ರೆ ಎತ್ತಿದ, ಹೂವಿನ ಪೊಟ್ಟಣ ಎತ್ತಿದ, ಉಳಿದ ಹೋಳಿಗೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದ. ಭವಾನಿ ಬಂದು ಹುಡುಕಿದಳು. ಮುರಳಿ, "ನಾನು ಬೆಳಿಗ್ಗೇನೇ ವಾಪಸ್ ಇಟ್ಟಿದೀನಿ, ದೇವರಾಣೆ" ಎಂದ. ನನ್ನನ್ನು ಕಾರು ತೆಗೆದು ಓಡಿಸಿದರು. ಭಾನುವಾರ, ಮೊದಲ ಮೆಡಿಕಲ್ ಶಾಪ್ ಮುಚ್ಚಿತ್ತು. ಎರಡನೆಯದರಲ್ಲಿ ಆ ಔಷಧ ಮುಗಿದಿತ್ತು, ನಾಳೆ ಮಧ್ಯಾಹ್ನ ಬರುತ್ತದೆ ಎಂದರು. ನಾನು ಖಾಲಿ ಕೈಯಲ್ಲಿ ಮರಳಿದಾಗ ಏಳಾಗಲು ಐದು ನಿಮಿಷ. ಲಕ್ಷ್ಮೀಕಾಂತನ ಮುಖ ನೋಡಿದೆ. ಪಂಜರದ ಪಕ್ಕ ಕೂತಿದ್ದಾಗಿನ ಮುಖ ಅದೇ.

ಅವನು ನೇರ ನಡುಮನೆಗೆ ನಡೆದ. ವಿಷ್ಣುಪ್ರಸಾದರು ಗಂಟಲು ಸರಿಮಾಡಿಕೊಂಡು, "ಹಾಗಾಗಿ ನಾವು ಯೋಚಿಸಿ..." ಎಂದು ಶುರುಮಾಡಿದ್ದರು.

"ಒಂದ್ನಿಮಿಷ" ಎಂದ ಲಕ್ಷ್ಮೀಕಾಂತ. "ಫ್ರಿಜ್ಜಿಂದ ಇನ್ಸುಲಿನ್ ಯಾರು ತಗೊಂಡಿದೀರೋ ದಯವಿಟ್ಟು ಕೊಟ್ಬಿಡಿ. ಅದು ನನ್ನದಲ್ಲ. ನನಗೆ ಸಕ್ಕರೆ ಇಲ್ಲ. ಅದು ಪಿಂಗಳನದ್ದು."

"ಪಿಂಗಳ ಯಾರು?" ಎಂದರು ವಿಷ್ಣುಪ್ರಸಾದರ ಹೆಂಡತಿ.

"ನಮ್ಮ ಬೆಕ್ಕು."

ವೆಂಕಟಾಚಲರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ಬೆಕ್ಕು ಎಲ್ಲಿದೆ?" ಎಂದಳು ಶೇಷಮ್ಮ. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಹಡಿ ಮೇಲೆ."

"ಹೋಮ ಆಗ್ತಿರಬೇಕಾದ್ರೆ?"

"ಆಗಲೂ ಅಲ್ಲೇ ಇತ್ತು, ಅಕ್ಕ. ತುಪ್ಪ ಮುಟ್ಟಿಲ್ಲ. ನನ್ನನ್ನ ಏನಾದ್ರೂ ಅನ್ನು, ಈಗ ಔಷಧಿ ಸಿಗಲಿಲ್ಲ ಅಂದ್ರೆ ಅದು ಸಾಯುತ್ತೆ."

ಹೊಳಲೂರಿನ ದೊಡ್ಡಮ್ಮ, "ನಾಚಿಕೆಗೆ ಹೇಳ್ತಿದಾನೆ ಪಾಪ. ಬೆಕ್ಕಿಗೆಲ್ಲಾದ್ರೂ ಸಕ್ಕರೆ ಬರುತ್ತಾ?" ಎಂದಳು. ಮಗಳ ಮದುವೆಗೋಸ್ಕರ ಕಾಯಿಲೆಯನ್ನು ಬೆಕ್ಕಿನ ತಲೆಗೆ ಕಟ್ಟುತ್ತಿದ್ದಾನೆ ಎಂದು ನಡುಮನೆಯ ಅರ್ಧ ಭಾಗ ನಂಬಿತು. ಉಳಿದರ್ಧ ಬೆಕ್ಕು ತಂದದ್ದಕ್ಕೆ ಪ್ರಾಯಶ್ಚಿತ್ತ ಏನು ಎಂದು ಪುರೋಹಿತರನ್ನು ಕೇಳತೊಡಗಿತು. ಬೆಕ್ಕಿಗೆ ಸಕ್ಕರೆ ಎಂಬುದನ್ನು ನಂಬಿದವರು ಒಬ್ಬರೇ, ವಿಷ್ಣುಪ್ರಸಾದರು. ಅವರ ಮುಖ ಬಾಳೆದಿಂಡಿನ ಬಣ್ಣಕ್ಕೆ ತಿರುಗಿತ್ತು.

"ಬೆಕ್ಕಿನದ್ದಾ?" ಎಂದರು. "ಅಂದ್ರೆ, ಬೆಕ್ಕಿಗೇ ಅಂತ ಮಾಡಿದ್ದಾ?"

"ಬೆಕ್ಕಿಗೇ ಕೊಡೋದು" ಎಂದ ಲಕ್ಷ್ಮೀಕಾಂತ.

"ಸುಮ್ನೆ ಕೇಳ್ತೀನಿ. ತಿಳುವಳಿಕೆಗೆ. ಅದನ್ನ ಅಕಸ್ಮಾತ್ ಒಬ್ಬ ಮನುಷ್ಯ ತಗೊಂಡ್ರೆ ಏನಾಗುತ್ತೆ?"

ಶರಾವತಿ ಬಾಗಿಲಿನಿಂದ ಮುಂದೆ ಬಂದಳು. ಅವರ ಬೆವರು ನೋಡಿದಳು, ಜೇಬಿನ ಮೇಲಿದ್ದ ಕೈ ನೋಡಿದಳು. ದಿನಕ್ಕೆ ನೂರು ಜನ ರಿಪೋರ್ಟು ಕೈಗೆ ಬರುವ ಮೊದಲು ಮಾಡುವ ಮುಖವನ್ನು ಅವಳು ಬಲ್ಲವಳು.

"ಎಷ್ಟು ಹೋಗಿದೆ ಅನ್ನೋದರ ಮೇಲೆ ಇರುತ್ತೆ ಅಂಕಲ್" ಎಂದಳು.

"ಇಪ್ಪತ್ತೆರಡು ಯೂನಿಟ್" ಎಂದರು ವಿಷ್ಣುಪ್ರಸಾದರು.

ಏಳು ತಲೆಮಾರು ಒಟ್ಟಿಗೆ ಕುಸಿದು ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ, ಆದರೆ ಅವರ ಹೆಂಡತಿಯ ದನಿ ಎಲ್ಲರಿಗೂ ಕೇಳಿಸಿತು. "ಬಡ್ಕೊಂಡೆ, ಇನ್ಸುಲಿನ್ ಪೆನ್ನು ಮನೇಲಿ ಬಿಟ್ಟು ಬರಬೇಡಿ ಅಂತ. ಬೀಗರು ನೋಡ್ತಾರೆ ಅಂದ್ರಿ. ಆರು ಹೋಳಿಗೆ ತಿಂದ್ರಿ. ಈಗ ಬೆಕ್ಕಿನ ಔಷಧಿ ಚುಚ್ಕೊಂಡ್ರಾ?"

ನಡೆದದ್ದು ಇಷ್ಟು. ಊಟದ ಮೇಲೆ ತಲೆ ತಿರುಗಿ, ಪೆನ್ನಿಗೆಂದು ಮನೆಗೆ ಎದ್ದು ಹೋದರೆ ಯಾಕೆ ಎಂದು ಕೇಳಿಯಾರೆಂದು ಹೆದರಿ, ಬೆಳಿಗ್ಗೆಯಿಂದ ಊರೆಲ್ಲ ಮಾತಾಡುತ್ತಿದ್ದ ಬಾಟಲಿಯನ್ನು ನೆನೆದು, ವಿಷ್ಣುಪ್ರಸಾದರು ಮೆಲ್ಲಗೆ ಫ್ರಿಜ್ಜು ತೆಗೆದಿದ್ದರು. ಒಂದು ಸೂಜಿ, ಒಂದು ಬಾಟಲಿ, ಬಚ್ಚಲುಮನೆ. ವಾಪಸ್ ಇಡಲು ಬಂದಾಗ ಶೇಷಮ್ಮ ಉಳಿದ ಹೋಳಿಗೆ ಜೋಡಿಸುತ್ತಾ ಫ್ರಿಜ್ಜಿನ ಮುಂದೆ ಕೂತಿದ್ದಳು. ಸಂಜೆಯವರೆಗೂ ಏಳಲಿಲ್ಲ. ಬಾಟಲಿ ಜೇಬಿನಲ್ಲೇ ಉಳಿಯಿತು.

ಶರಾವತಿ ಕೈ ಚಾಚಿದಳು. ಬಾಟಲಿ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಬೇಕೆಂದೇ ಲೇಬಲ್ಲನ್ನು ಎರಡು ಸಲ ಓದಿ, ಆಮೇಲೆ, "ಹೆದರ್ಕೋಬೇಡಿ. ಇದು ಮನುಷ್ಯರದ್ದೇ, ನಮ್ಮ ಡಾಕ್ಟರು ಬೆಕ್ಕಿಗೂ ಇದನ್ನೇ ಬರೆದುಕೊಟ್ಟಿದಾರೆ. ಇನ್ನೊಬ್ಬರ ಬಾಟಲಿ ಕದ್ದು ಚುಚ್ಕೊಳೋ ಕೆಲಸ ಮಾತ್ರ ಇನ್ಮೇಲೆ ಮಾಡಬೇಡಿ. ಬೆವರ್ತಿದೀರಿ, ಮೊದಲು ನಿಮ್ಮದು ಎಷ್ಟಿದೆ ನೋಡ್ತೀನಿ" ಎಂದು ಬೆಕ್ಕಿನ ಮೀಟರ್ ತರಿಸಿ ಅವರ ಬೆರಳು ಚುಚ್ಚಿದಳು. ಇನ್ನೂರ ಮೂವತ್ತು. ಬೆವರು ಬರೀ ಭಯದ್ದು.

ಅಷ್ಟರಲ್ಲಿ ಲಕ್ಷ್ಮೀಕಾಂತ ಮಹಡಿಯಿಂದ ಪಿಂಗಳನನ್ನು ಎತ್ತಿಕೊಂಡು ಬಂದ. ಎರಡೂ ಕೈಯಲ್ಲಿ ಅದನ್ನು ಅವಚಿಕೊಂಡಿದ್ದ, ಸೂಜಿ ಹಿಡಿಯಲು ಕೈ ಉಳಿದಿರಲಿಲ್ಲ. ಗಡಿಯಾರದಲ್ಲಿ ಏಳು. ಶರಾವತಿ ಎರಡು ಯೂನಿಟ್ ಎಳೆದು ಸೂಜಿಯನ್ನು ವಿಷ್ಣುಪ್ರಸಾದರ ಮುಂದೆ ಹಿಡಿದಳು.

"ನೀವೇ ಕೊಡಿ ಅಂಕಲ್. ನಿಮಗೆ ಅಭ್ಯಾಸ ಇದೆ."

ನಡುಮನೆ ಪೂರ್ತಿ ನೋಡುತ್ತಿತ್ತು. ವಿಷ್ಣುಪ್ರಸಾದರು ಒಮ್ಮೆ ಹೆಂಡತಿಯ ಮುಖ ನೋಡಿದರು, ಒಮ್ಮೆ ಮಗನ ಮುಖ. ಆಮೇಲೆ ನೆಲದ ಮೇಲೆ ಕೂತು, ಬೆಕ್ಕಿನ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಚುಚ್ಚಿ ತೆಗೆದರು. ಶಿವಯೋಗಪ್ಪನನ್ನು ಎರಡು ದಿನ ಓಡಿಸಿದ್ದ ಬೆಕ್ಕು ಅವರ ತೊಡೆಯ ಮೇಲೆ ಮಿಸುಕದೆ ಕೂತಿತ್ತು.

"ಎಷ್ಟು ವರ್ಷದಿಂದ?" ಎಂದಳು ಶೇಷಮ್ಮ.

"ಹನ್ನೊಂದು" ಎಂದರು ಅವರು, ಬೆಕ್ಕಿನ ತಲೆ ಸವರುತ್ತಾ. "ನಮ್ಮಪ್ಪನಿಗೂ ಇತ್ತು. ಅಜ್ಜನಿಗೂ."

ಲಕ್ಷ್ಮೀಕಾಂತ ಅವರ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಸಮಾಧಾನಕ್ಕೆ ಅತ್ತದ್ದು. ಬೀಗರಾಗುವವರು ಅವನ ಬೆನ್ನು ತಟ್ಟಿದರು.

ಮದುವೆಯ ಮಾತು ಈಗ ಯಾರು ಎತ್ತಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ವಿಷ್ಣುಪ್ರಸಾದರೇ, "ನಮ್ಮ ಕಡೆಯಿಂದ ಯೋಚನೆ ಮಾಡೋದೇನೂ ಉಳಿದಿಲ್ಲ. ನೀನು ಹೇಳಮ್ಮ" ಎಂದರು.

"ನೀವೂ ಸುಳ್ಳು ಹೇಳಿದ್ರಿ, ನಮ್ಮಪ್ಪನೂ ಹೇಳಿದ್ರು. ಜಾತಕದಲ್ಲಿ ಇಷ್ಟು ಚೆನ್ನಾಗಿ ಕೂಡಿದ್ದು ಇದೊಂದೇ" ಎಂದಳು ಶರಾವತಿ. "ನನಗೆ ಒಪ್ಪಿಗೆ. ಆದರೆ ಒಂದು. ಬೆಳಿಗ್ಗೆಯಿಂದ ಈ ಮನೇಲಿ ಪ್ರತಿಯೊಬ್ರೂ ನಮ್ಮಪ್ಪನಿಗೆ ಬುದ್ಧಿ ಹೇಳಿದೀರಿ. ಡಬ್ಬೀಲಿ ಇನ್ನೂ ಹದಿನಾಲ್ಕು ಸ್ಟ್ರಿಪ್ ಇದೆ. ಎಲ್ರೂ ಬೆರಳು ಕೊಡಿ, ಯಾರ್ಯಾರ ವಂಶದಲ್ಲಿ ಏನೇನಿದೆ ಇಲ್ಲೇ ಗೊತ್ತಾಗ್ಲಿ."

ರವಿಶಂಕರ ಮುಂದೆ ಬಂದು ಬೆರಳು ಚಾಚಿದ. ನೂರ ಹದಿನೆಂಟು. ಅವಳು ಮೊದಲ ಬಾರಿಗೆ ನಕ್ಕಳು. ಲಕ್ಷ್ಮೀಕಾಂತ ಕೊಟ್ಟ. ತೊಂಬತ್ತೆಂಟು. ಹಾಗಲಕಾಯಿ ಒಳ್ಳೆಯದು ಎಂದು ಶೇಷಮ್ಮ ಅಂದಳು, ಅಂದವಳು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು. ಒಲೆ ಆರಿ ಒಂದು ಗಂಟೆಯಾಗಿತ್ತು. ವೆಂಕಟಾಚಲರಿಗೆ ಸೊಂಟ ಹಿಡಿಯಿತು. ಹೊಳಲೂರಿನ ದೊಡ್ಡಮ್ಮನಿಗೆ ಕೊನೆಯ ಬಸ್ಸು ನೆನಪಾಯಿತು. ಪುರೋಹಿತರು ಈ ಹೊತ್ತಿನಲ್ಲಿ ರಕ್ತ ಕಾಣಬಾರದು ಎಂದರು. ನೇರಳೆ ಬೀಜ, ಮೆಂತ್ಯ, ಅಮೃತಬಳ್ಳಿ, ಎಲ್ಲವೂ ಒಂದೊಂದಾಗಿ ಚಪ್ಪಲಿ ಮೆಟ್ಟಿ ಗೇಟು ದಾಟಿದವು. ಐದು ನಿಮಿಷದಲ್ಲಿ ನಡುಮನೆಯಲ್ಲಿ ಉಳಿದವರು ಎರಡು ಮನೆಯವರು, ಬೆಕ್ಕು, ಮತ್ತು ನಾನು.

ಡಬ್ಬಿಯಲ್ಲಿ ಹನ್ನೆರಡು ಸ್ಟ್ರಿಪ್ ಉಳಿದಿದ್ದವು.

"ಬನ್ನಿ ಯಜ್ಞಣ್ಣ ಮಾಮ" ಎಂದಳು ಶರಾವತಿ.

"ಬರ್ತೀನಮ್ಮ" ಎಂದೆ. "ಕಾರು ರಸ್ತೆಗೆ ಅಡ್ಡ ನಿಂತಿದೆ, ಸ್ವಲ್ಪ ಸರಿಸಿ ಬಂದ್ಬಿಡ್ತೀನಿ."

ಕಾರನ್ನು ನಾನು ಸರಿಸಿದೆ. ಸರಿಸುತ್ತಾ ಸರಿಸುತ್ತಾ ಮಲವಗೊಪ್ಪ ದಾಟಿದೆ, ಶಿವಮೊಗ್ಗದ ನಮ್ಮ ಮನೆಯ ಮುಂದೆ ನಿಲ್ಲಿಸಿದೆ. ಲಕ್ಷ್ಮೀಕಾಂತನ ಮನೆಯವರು ಮಾರನೆಯ ದಿನ ಬುಟ್ಟಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದರಂತೆ.